ಎಂಟು ತುದಿಗಳು ಕೂಡುವಲ್ಲಿ

ಕೌದಿಯ ನಡುವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗಂಟು ಸಿಗಲಿಲ್ಲ.

ಎಂಟು ತ್ರಿಕೋನಗಳ ತುದಿಗಳು ಕೂಡುವ ಜಾಗ ಅದು. ಮನೆಯಲ್ಲಿ ಚಿಂದಿ ಬಟ್ಟೆಯಲ್ಲಿ ನಾನೇ ಮೂರು ಸಲ ಹೊಲಿದು ನೋಡಿದ್ದೆ. ಮೂರು ಸಲವೂ ಅಲ್ಲಿ ಕಡಲೆಕಾಳಿನಷ್ಟು ಗಂಟು ಎದ್ದಿತ್ತು. ಅದಕ್ಕೇ ಯಲಹಂಕ ಹಳೇ ಪೇಟೆಯ ಟೈಲರ್ ಜಬೀನ್‌ಗೆ ಕೊಟ್ಟಿದ್ದು.

"ಏನಕ್ಕಾ, ಡಾಕ್ಟ್ರು ಹೊಟ್ಟೆ ಒತ್ತಿ ನೋಡ್ದಂಗೆ ನೋಡ್ತಿದ್ದೀರಾ?" ಜಬೀನ್ ನಕ್ಕಳು.

"ತುಂಬ ಚಪ್ಪಟೆಯಾಗಿದೆ."

"ಮಗು ಬೆನ್ನಿಗೆ ಒತ್ತಬಾರ್ದು ಅಂದಿದ್ದು ನೀವೇ ಅಲ್ವಾ?"

ಹೌದು. ಆದರೆ ಒಳಗೆ ಮಡಿಚಬೇಕಾದ ಬಟ್ಟೆಯನ್ನೇ ಕತ್ತರಿಸಿಬಿಟ್ಟೆಯಾ ಎಂದು ಕೇಳಲು ಬಾಯಿ ಬರಲಿಲ್ಲ.

ನಮ್ಮಲ್ಲಿ ಹುಟ್ಟಿದ ಮಗುವನ್ನು ಮೊದಲು ಮಲಗಿಸುವುದು ಮನೆಯ ಹಿರಿಯಳ ಹಳೆಯ ಸೀರೆಯ ಮೇಲೆ. ನನ್ನ ಮಗಳು ಧನಲಕ್ಷ್ಮಿಗೆ ದಿನ ತುಂಬಿತ್ತು. ತೀರಿಹೋದ ನನ್ನಮ್ಮ ದ್ರೌಪದಮ್ಮನದೆಂದು ಉಳಿದಿದ್ದು ಈ ಕೌದಿಗೆ ಕೊಟ್ಟ ನೂಲಿನ ಸೀರೆಯೊಂದೇ, ಅದೂ ಒಗೆದೊಗೆದು ಈರುಳ್ಳಿ ಸಿಪ್ಪೆಯಂತೆ ತೆಳುವಾಗಿತ್ತು. ಅಂಥದರ ಅಂಚನ್ನು ಹೊಲಿಗೆಯವರೆಗೂ ಕತ್ತರಿಸಿದರೆ ಮೊದಲ ಒಗೆತಕ್ಕೇ ಎಳೆ ಬಿಡುತ್ತದೆ. ಅಷ್ಟು ನಯವಾಗಿ ಕಾಣುವ ಕೆಲಸದಲ್ಲಿ ಏನಾದರೂ ಮುಚ್ಚಿಟ್ಟಿರಲೇಬೇಕು.

"ಚೆನ್ನಾಗಿದೆ" ಎಂದು ಹೇಳಿ ಬಂದೆ.

ಮನೆಯಲ್ಲಿ ಬಾಗಿಲು ಹಾಕಿಕೊಂಡು, ಹಿಂಬದಿಯ ಅಸ್ತರನ್ನು ನಡುವಿನಲ್ಲಿ ಬ್ಲೇಡಿನಿಂದ ಸೀಳಿದೆ.

ಒಳಗೆ ಬಟ್ಟೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಎಂಟು ಮಡಿಕೆಗಳನ್ನೂ ಅವಳು ಒಂದೇ ದಿಕ್ಕಿಗೆ ಮಲಗಿಸಿದ್ದಳು. ನಡುವೆ ಎರಡು ಮೂರು ಹೊಲಿಗೆ ಮಾತ್ರ ಬಿಚ್ಚಿ, ತುದಿಗಳನ್ನು ಗಾಳಿಚಕ್ರದ ರೆಕ್ಕೆಗಳಂತೆ ಹರಡಿ ಇಸ್ತ್ರಿ ಹಾಕಿದ್ದಳು. ದಪ್ಪವೆಲ್ಲ ಸುತ್ತಲೂ ಹಂಚಿಹೋಗಿತ್ತು. ಅದರ ನಟ್ಟನಡುವೆ, ನನ್ನ ಬ್ಲೇಡಿನ ತುದಿ ತಗುಲಿ ಅಮ್ಮನ ಸೀರೆ ತೂತಾಗಿತ್ತು.

ಮರುದಿನ ಅಂಗಡಿಯಲ್ಲಿ ಕೌದಿಯ ಮೇಲ್ಬದಿ ಹರಡಿ, ಜಬೀನ್ ಆ ತೂತಿನ ಮೇಲೆ ಬೆರಳಿಟ್ಟಳು. "ನನ್ನ ಹೊಲಿಗೆ ಬಿಡ್ತಾ ಅಕ್ಕಾ?"

ಹೂಂ ಅಂದಿದ್ದರೆ ನಂಬುತ್ತಿದ್ದಳು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಇಲ್ಲ. ನಾನೇ ಕೊಯ್ದೆ. ನೀನು ಒಳಗೆ ಬಟ್ಟೆ ಕತ್ತರಿಸಿದೀಯ ಅನ್ನಿಸ್ತು."

ಅವಳ ಮುಖ ಬಿಗಿದುಕೊಂಡಿತು. "ಕೇಳಿದ್ರೆ ಹೇಳ್ತಿರ್ಲಿಲ್ವಾ? ಈಗ ತೇಪೆ ಹಾಕ್ಲೇಬೇಕು. ಅಲ್ಲಿ ದಪ್ಪ ಆಗುತ್ತೆ. ಆಮೇಲೆ ನನ್ನ ಮೇಲೆ ಹೇಳ್ಬೇಡಿ."

ಸ್ಟೂಲನ್ನು ಮೆಷಿನ್ ಪಕ್ಕಕ್ಕೆ ಎಳೆದಳು. "ಕೂತ್ಕೊಂಡು ನೋಡ್ತಾನೇ ಇರಿ. ಇಲ್ದಿದ್ರೆ ಮತ್ತೆ ಬ್ಲೇಡ್ ತಗೋತೀರ."

ಕೂತೆ. ಅವಳ ಕೈ ಕತ್ತರಿಯತ್ತ ಹೋದಾಗ, ಈ ಸಲವಾದರೂ ನಂಬಿ ಬೇರೆ ಕಡೆ ನೋಡಬೇಕೆಂದುಕೊಂಡೆ. ಆಗಲಿಲ್ಲ.