ಸೀರೆಗೆ ಟಿವಿಯ ಸಾಕ್ಷಿ

ಅಕ್ಕ ಎರ್ರಮ್ಮನನ್ನು ಸೋಫಾದ ಮೇಲೆ ಕೂರಿಸಿ, ನಾಗಭೂಷಣ ರಿಮೋಟು ಹಿಡಿದು ಅರ್ಧ ಗಂಟೆಯಾಗಿತ್ತು. ಟಿವಿಯಲ್ಲಿ ಬಿಳಿ ಉಂಗುರವೊಂದು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇತ್ತು, ಹನಿ ಎಣ್ಣೆ ಇಲ್ಲ.

ವಿಷಯ ಇಷ್ಟೇ. ಹೋದ ವರ್ಷ ಹಿರಿಮಗಳು ಸುಹಾಸಿನಿಯ ಮದುವೆಯಲ್ಲಿ ತನಗೆ ಉಡುಗೊರೆಯ ಆಯೇರಿ ಸೀರೆ ಕೊಡಲಿಲ್ಲವೆಂದು ಎರ್ರಮ್ಮ ಮುನಿಸಿಕೊಂಡು, ಕೋಸಗಿಯಿಂದ ತಮ್ಮನ ಊರು ಆದವಾನಿಗೆ ಬರುವುದನ್ನೇ ಬಿಟ್ಟಿದ್ದಳು. ನಾಡಿದ್ದು ಕಿರಿಮಗಳು ಭವಾನಿಯ ಮದುವೆಯ ಅರಿಶಿನ. ಮೊದಲು ಹಚ್ಚಬೇಕಾದವಳು ಸೋದರತ್ತೆ. ಇರುವ ಒಬ್ಬಳೇ ಸೋದರತ್ತೆ ಮುಖ ಗಂಟು ಹಾಕಿಕೊಂಡು ಮನೆಯಲ್ಲಿ ಕೂತರೆ ಊರಿನ ಬಾಯಿಗೆ ಹಬ್ಬ. "ಕೊಟ್ಟಿದ್ದು ವಿಡಿಯೋದಾಗ ಐತಿ, ಬಂದು ನೋಡು. ಇರಲಿಲ್ಲಂದ್ರ ನಿನ್ನ ಕಾಲು ಹಿಡಿತೀನಿ" ಎಂದು ಫೋನಿನಲ್ಲೇ ಪಂಥ ಕಟ್ಟಿ ಕರೆಸಿದ್ದ. ಮೈಕಿನಲ್ಲಿ ಅಕ್ಕನ ಹೆಸರು ಕೂಗಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

ವಿಡಿಯೋ ಇದ್ದದ್ದು ರೂಟರಿಗೆ ಚುಚ್ಚಿದ ಹಾರ್ಡ್‌ಡಿಸ್ಕಿನಲ್ಲಿ. ರೂಟರು ಇದ್ದದ್ದು ದೇವರ ಗೂಡಿನಲ್ಲಿ, ಈರಣ್ಣಸ್ವಾಮಿಯ ಪಟದ ಪಕ್ಕ, ವಿಭೂತಿ ಬಳಿಸಿಕೊಂಡು. ವೈರಿಲ್ಲದೆ ಮನೆಯ ಗಾಳಿಯಲ್ಲೇ ಎಲ್ಲವೂ ಟಿವಿಗೆ ಹರಿದು ಬರುತ್ತದೆ ಎಂಬುದು ಹತ್ತಿ ಜಿನ್ನಿಂಗ್ ಮಿಲ್ಲಿನ ಗುಮಾಸ್ತ ನಾಗಭೂಷಣನ ಹೆಮ್ಮೆ. ಹರಿದು ಬಂದದ್ದು ಮಾತ್ರ ಬೇಡವಾದದ್ದೇ. ಒಮ್ಮೆ ಕರೆಂಟ್ ಬಿಲ್ಲಿನ ಫೋಟೋ ಬಂತು. ಇನ್ನೊಮ್ಮೆ ಅವನೇ ಬನಿಯನ್ನಿನಲ್ಲಿ ಹಲ್ಲುಜ್ಜುತ್ತ ತಲೆಕೆಳಗಾಗಿ ಬಂದ. ಮದುವೆಯ ವಿಡಿಯೋ ಒತ್ತಿದರೆ 'ಈ ಫೈಲ್ ತೆರೆಯಲಾಗದು' ಎಂಬ ಉತ್ತರ.

"ಅಪ್ಪಾ, ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದ್ರ ಆಗ್ತಿತ್ತು" ಎಂದಳು ಭವಾನಿ.

"ಸುಮ್ನಿರವ್ವಾ. ನೆಟ್‌ವರ್ಕ್ ಅಂದ್ರ ನೆಟ್‌ವರ್ಕ್!"

"ತಮ್ಮಾ, ಆ ಸೀರಿನೂ ಹಿಂಗ ಗಾಳ್ಯಾಗ ಕೊಟ್ಟಿಯೇನೋ" ಎಂದಳು ಎರ್ರಮ್ಮ. ಹೆಂಡತಿ ರಾಮಲಕ್ಷ್ಮಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಾಗಭೂಷಣನಿಗೆ ಮೈಯೆಲ್ಲ ಉರಿಯಿತು. ರೂಟರಿನ ತಲೆಗೆ ಮೊಟಕಿದ, ಆರಿಸಿ ಮತ್ತೆ ಹಚ್ಚಿದ, ಈರಣ್ಣಸ್ವಾಮಿಗೊಂದು ತೆಂಗಿನಕಾಯಿ ಹರಕೆ ಹೊತ್ತ.

ಬಂತು! ಮಂಟಪ, ಮೈಕು, ಸೀರೆ ತುಂಬಿದ ತಟ್ಟೆ. ಎರ್ರಮ್ಮನ ಹೆಸರು ಕೂಗಿದರು. ಟಿವಿಯೊಳಗಿನ ಎರ್ರಮ್ಮ ನಗುತ್ತ ಎದ್ದು ಸೆರಗೊಡ್ಡಿದಳು.

"ನೋಡಕ್ಕಾ! ಈಗೇನಂತಿ?" ಎಂದು ನಾಗಭೂಷಣ ತೊಡೆ ತಟ್ಟಿದ.

ಅಷ್ಟಕ್ಕೇ ಚಿತ್ರ ನಿಂತುಬಿಟ್ಟಿತು. ಒಡ್ಡಿದ ಸೆರಗು ಒಡ್ಡಿದಂತೆಯೇ. ಹಾಳಾದ ಟಿವಿ, ಮಾತನ್ನು ಮಾತ್ರ ಬಿಡದೆ ಮುಂದುವರಿಸಿತು. ಅವನದೇ ಧ್ವನಿ, ಮೈಕಿನ ಪಕ್ಕದಲ್ಲೇ: "ಏ, ತಟ್ಟಿ ಇತ್ತ ತರ್ರಿ. ಬೀಗರ ಕಡಿ ಒಬ್ಬಾಕಿ ಹೆಚ್ಚಿಗಿ ಬಂದಾಳ, ಈ ಸೀರಿ ಆಕಿಗೆ ಕೊಡೋಣು. ಅಕ್ಕ ನಮ್ಮಾಕಿನ ಅಲ್ಲೇನು, ಆಕಿಗೆ ಆಮ್ಯಾಲ ಕೊಟ್ಟರಾತು."

ರಿಮೋಟಿನ ಎಲ್ಲ ಗುಂಡಿ ಒತ್ತಿದ. ಚಿತ್ರ ಮುಂದೆ ಹೋಗಲಿಲ್ಲ, ಹಿಂದೆಯೂ ಹೋಗಲಿಲ್ಲ. ಎರ್ರಮ್ಮ ಟಿವಿಯಲ್ಲಿ ತನ್ನದೇ ಖಾಲಿ ಸೆರಗನ್ನು ನೋಡುತ್ತ ಕೂತಿದ್ದಳು, ಕಣ್ಣು ತುಂಬಿದ್ದವು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನಾಗಭೂಷಣನಿಗೆ. ಆಮೇಲೆ ಕೊಡುವುದನ್ನು ಮರೆತೇಬಿಟ್ಟಿದ್ದ.

ಒಳಗೆ ಹೋಗಿ ಎಮ್ಮಿಗನೂರಿನ ಕೈಮಗ್ಗದ ಸೀರೆಯೊಂದನ್ನು ತಂದ. ಪಂಥದಂತೆ ಅಕ್ಕನ ಕಾಲು ಹಿಡಿದ. "ತಪ್ಪಾತಕ್ಕಾ."

ಎರ್ರಮ್ಮ ಸೀರೆಯನ್ನು ತಿರುವಿ ಅಂಚು ನೋಡಿದಳು. "ಯಾರಿಗಂತ ತಂದಿದ್ದಿ ಇದನ್ನ?"

"ಹೊಸ ಬೀಗಿತಿಗೆ."

ಎರ್ರಮ್ಮ ಮೂಗೊರೆಸಿಕೊಂಡು, ಸೀರೆಯನ್ನು ತಮ್ಮನ ಕೈಗೇ ಕೊಟ್ಟು ಸೆರಗೊಡ್ಡಿದಳು. "ಹಾಕು. ಆಕಿಗೆ ಆಮ್ಯಾಲ ಕೊಟ್ಟರಾತು."