ಆರು ತಿಂಗಳ ಗುಳಿಗೆ

ಅಣವೀರಪ್ಪನಿಗೆ ಅರವತ್ತೆಂಟು. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಮಾಡಿದವನು. ಯಾವ ಸಾಲನ್ನು ಯಾವ ವಾರ ನೆಟ್ಟೆನೆಂದು ಬಾಯಿಪಾಠ ಹೇಳುತ್ತಿದ್ದವನು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಈಚೆಗೆ ಹೆಸರುಗಳು ತಪ್ಪತೊಡಗಿದ್ದವು. ಒಮ್ಮೆ ತನ್ನ ತೋಟದ ದಾರಿಯನ್ನೇ ಯಾರನ್ನೋ ಕೇಳಿದ್ದ. ವಯಸ್ಸಾಯಿತು ಎಂದರು ಎಲ್ಲರೂ. ಹೆಂಡತಿ ಲಲಿತಾಬಾಯಿಯೂ ಹಾಗೇ ಅಂದುಕೊಂಡಿದ್ದಳು.

ಮೈದುನ ಸಾಯಬಣ್ಣನ ಮೊಮ್ಮಗಳ ತೊಟ್ಟಿಲ ಕಾರ್ಯದ ದಿನ, ಅವನ ಅಡುಗೆಮನೆಯಿಂದ ಹೊರಬಂದವಳು ಬಾಗಿಲಲ್ಲೇ ನಿಂತಳು. ಪಡಸಾಲೆಯಲ್ಲಿ ಗಂಡನ ಸುತ್ತ ಜನ. ಸಾಯಬಣ್ಣ ಜಿಲೇಬಿ ಎತ್ತಿ ಹಿಡಿದಿದ್ದ.

"ಅಣ್ಣಾ, ನಾ ಯಾರು ಹೇಳು? ತಪ್ಪು ಹೇಳಿದ್ರ ಇನ್ನೊಂದು!"

"ನೀ... ಭೀಮಶಾ?"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಇನ್ನೊಂದು ಬಾಯಿಗೆ ಬಿತ್ತು. ಪಾಕ ಗದ್ದದಿಂದಿಳಿದು ಕೊರಳ ಲಿಂಗದ ಕರಡಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನೊಣ ಮುತ್ತಿದ್ದವು. ಅಣವೀರಪ್ಪನೂ ನಗುತ್ತಿದ್ದ, ಯಾಕೆಂದು ತಿಳಿಯದೆ, ಒಬ್ಬೊಬ್ಬರ ಮುಖ ನೋಡಿ.

ಲಲಿತಾಬಾಯಿ ಜನರನ್ನು ಸರಿಸಿದಳು. ಹೋಗಿ ಸೆರಗಿನಿಂದ ಅವನ ಗದ್ದ ಒರೆಸಿದಳು.

"ತಿನ್ಲಿ ಬಿಡ್ರಿ ವೈನಿ. ನಾ ಕೊಟ್ಟ ಬೇರಿನ ಪುಡಿ ಅದ ಅಲ್ಲಾ, ಸಕ್ರಿ ಏನೂ ಮಾಡಂಗಿಲ್ಲ. ಗುಳಿಗಿ ಅಂತೂ ನಾನೇ ಬಿಡಿಸೀನಿ. ನೀವು ಕೊಟ್ಟಿದ್ದು ಗಟಾರಕ್ಕ ಒಗೀ ಅಂತ ಅಣ್ಣಗ ಹೇಳೀನಿ," ಎಂದ ಸಾಯಬಣ್ಣ.

"ಯಾವಾಗಿಂದ?"

"ಆರು ತಿಂಗಳಾತು."

ಹೆಮ್ಮೆಯಿಂದ ಹೇಳಿದ. ದಿನಾ ಬೆಳಿಗ್ಗೆ ಗಂಡನ ಕೈಗೆ ಗುಳಿಗೆ ಇಡುತ್ತಿದ್ದ ಲಲಿತಾಬಾಯಿ, ನುಂಗಿದನೋ ಇಲ್ಲವೋ ಎಂದು ಒಮ್ಮೆಯೂ ನಿಂತು ನೋಡಿರಲಿಲ್ಲ. ಸಾಯಬಣ್ಣನ ಮೇಲಿನ ಅವಳ ಹೇಸಿಗೆ ತನ್ನ ಮೇಲೂ ತಿರುಗಿತು.

"ನಿಮ್ಮ ನಗಿ ನೋಡಿದ್ರ ವಾಂತಿ ಬರ್ತದ," ಎಂದಳು. ಉಣ್ಣದೆ ಗಂಡನ ಕೈಹಿಡಿದು ಕಲಬುರಗಿ ಬಸ್ಸು ಹತ್ತಿದಳು.

ಡಾಕ್ಟರ್ ಮುಬಶ್ಶಿರಾ ರಕ್ತದ ರಿಪೋರ್ಟ್ ನೋಡಿ ತಲೆ ಎತ್ತಿದರು. "ನಾನೂರ ಹತ್ತು ಅದ. ವಯಸ್ಸಂತ ಸುಮ್ನ ಕುಂತ್ರೇನಮ್ಮಾ? ಸಕ್ರಿ ಇಷ್ಟು ಏರಿದ್ರ ಮಿದುಳಿಗೂ ಪೆಟ್ಟು ಬೀಳ್ತದ. ಸ್ವಲ್ಪ ತಿರುಗಿ ಬರಬಹುದು. ಎಲ್ಲಾ ಬರ್ತದಂತ ನಾ ಹೇಳಂಗಿಲ್ಲ."

ಐದು ದಿನ ಆಸ್ಪತ್ರೆಯಲ್ಲಿಟ್ಟರು. ಲಲಿತಾಬಾಯಿ ಇನ್ಸುಲಿನ್ ಚುಚ್ಚುವುದನ್ನು ಕಲಿತಳು. ಮೂರು ತಿಂಗಳಲ್ಲಿ ಹೆಸರುಗಳು ಬಂದವು, ತೋಟದ ದಾರಿಯೂ ಬಂತು. ಸಾಯಬಣ್ಣ ಎರಡು ಸಲ ನೋಡಲು ಬಂದ. ಅವಳು ನೀರೂ ಕೊಡಲಿಲ್ಲ.

ಆದರೆ ಗುಳಿಗೆ ಬಿಟ್ಟಿದ್ದ ಆ ತಿಂಗಳುಗಳಲ್ಲೇ ನಡೆದಿದ್ದ ಕಿರಿಮಗಳು ಶೀಲಾಳ ಮದುವೆಯ ನೆನಪು ಮರಳಿ ಬರಲಿಲ್ಲ. ಅಕ್ಷತೆ ಹಾಕುತ್ತಿರುವ ತನ್ನ ಫೋಟೊ ನೋಡಿ ಅಣವೀರಪ್ಪ, "ನಾ ಹೋಗಿದ್ನೇನ?" ಎನ್ನುತ್ತಿದ್ದ. ತವರಿಗೆ ಬಂದಾಗಲೆಲ್ಲ ಶೀಲಾ ಪಕ್ಕದಲ್ಲಿ ಕೂತು ಮೊದಲಿಂದ ಹೇಳುತ್ತಿದ್ದಳು. ಅವನು ಯಾರದೋ ಮನೆಯ ಸುದ್ದಿಯಂತೆ ಕೇಳುತ್ತಿದ್ದ. ಆ ದಿನದ ಜಿಲೇಬಿ, ಆ ನಗು ನೆನಪಾಗಿ ಲಲಿತಾಬಾಯಿ ಎದ್ದು ಹೊರಗೆ ಹೋಗಿ ಉಗುಳಿ ಬರುತ್ತಿದ್ದಳು.