ಕಲಾಯಿ ಇಲ್ಲದ ತಪ್ಪಲೆ

ಸೊರಬದ ಸುತ್ತಿನ ಮದುವೆ ಮನೆಗಳಲ್ಲಿ ಸದಾಶಿವಪ್ಪನ ಅಡಿಗೆಗೆ ಎಷ್ಟು ಹೆಸರಿತ್ತೆಂದರೆ, ಹೆಣ್ಣು ಗಂಡು ಒಪ್ಪಿಗೆಯಾಗುವ ಮೊದಲೇ ಅವನಿಗೆ ಹೇಳಿಕಳಿಸುವವರಿದ್ದರು. ಹೆಸರೇನೋ ಸರಿ, ಹೆಸರನ್ನು ಹೊದ್ದುಕೊಂಡು ಮಲಗುವುದಕ್ಕೆ ಆಗುತ್ತದೆಯೇ? ಅದನ್ನೆಲ್ಲ ಅಲ್ಲೇ ಬಿಟ್ಟು, ತುಂಬು ಬಸುರಿ ಹೆಂಡತಿ ನೀಲಾಂಬಿಕಳನ್ನು ಬಸ್ಸು ಹತ್ತಿಸಿಕೊಂಡು ಅವನು ಶಿಕಾರಿಪುರಕ್ಕೆ ಬಂದದ್ದು ಒಬ್ಬ ಸೂಲಗಿತ್ತಿಗಾಗಿ. ಹಿಂದಿನ ಎರಡು ಹೆರಿಗೆಯಲ್ಲೂ ಕೂಸು ಉಳಿದಿರಲಿಲ್ಲ. ಎರಡನೆಯ ಸಲವಂತೂ ನೀಲಾಂಬಿಕಳೇ ಸತ್ತು ಬದುಕಿದ್ದಳು. ಶಿಕಾರಿಪುರದ ವರದಮ್ಮ ಮುಟ್ಟಿದ ಕೂಸು ಅಳದೆ ಇದ್ದದ್ದಿಲ್ಲ ಎಂಬ ಮಾತು ಸೊರಬದವರೆಗೂ ಬಂದಿತ್ತು. ಅವನಿಗೆ ಬೇಕಾಗಿದ್ದದ್ದು ಅದೊಂದೇ, ಆ ಕೈ.

ವರದಮ್ಮ ಅವರು ಇಳಿದುಕೊಂಡಿದ್ದ ಛತ್ರಕ್ಕೇ ಬಂದು ನೀಲಾಂಬಿಕಳ ಹೊಟ್ಟೆ ಮುಟ್ಟಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಕೂಸು ಅಡ್ಡ ಕುಂತೈತಿ," ಎಂದಳು. "ನಾನು ತಿರುಗಿಸ್ತೀನಿ, ಹೆದರಬ್ಯಾಡ ತಂಗಿ. ಆದ್ರ ಹತ್ತು ಮಂದಿ ಓಡಾಡೋ ಛತ್ರದಾಗ ನಾನು ಹೆರಿಗೆ ಮಾಡ್ಸಂಗಿಲ್ಲ. ಒಂದು ಬಾಗಿಲು, ಒಂದು ಒಲೆ ಇರೋ ಜಾಗ ನೋಡ್ಕೊಳ್ರಿ. ನೋವು ಬಂದ ಕೂಡ್ಲೇ ಹೇಳಿಕಳಿಸ್ರಿ."

ಬಾಗಿಲು ಬೇಕಾದರೆ ಕೆಲಸ ಬೇಕು. ಮೈಸೂರು ರಾಜ್ಯ ದೊಡ್ಡದಾಗಿ ಎರಡು ವರ್ಷ ಕಳೆದಿದ್ದ ಕಾಲ ಅದು. ಉಡುತಡಿಗೆ, ಬಳ್ಳಿಗಾವಿಗೆ, ತಾಳಗುಂದಕ್ಕೆ ಹೋಗುವ ಯಾತ್ರಿಕರೆಲ್ಲ ಊಟಕ್ಕೆ ಶಿಕಾರಿಪುರದಲ್ಲೇ ಇಳಿಯುತ್ತಿದ್ದರು. ಬಸ್ ಸ್ಟ್ಯಾಂಡಿನ ಸುತ್ತ ಹೋಟೆಲುಗಳು ಎದ್ದಿದ್ದವು. ಇಷ್ಟೊಂದು ಒಲೆ ಉರಿಯುವಾಗ ನನ್ನಂಥವನಿಗೆ ಒಂದು ಸಿಕ್ಕದೆ ಹೋದೀತೇ ಎಂದುಕೊಂಡ ಸದಾಶಿವಪ್ಪ. ಪಾಪ, ಸೊರಬದಲ್ಲಿ ಅವನನ್ನು ಯಾರೂ ಪರೀಕ್ಷೆ ಮಾಡಿದ್ದಿಲ್ಲ.

ಮೊದಲ ಹೋಟೆಲಿನವರು ಅವನ ಮುಖ ನೋಡಲಿಲ್ಲ, ಅಂಗಿಯ ಸಂದಿಯಲ್ಲಿ ಕಾಣುತ್ತಿದ್ದ ಲಿಂಗದ ದಾರ ನೋಡಿದರು. "ಒಲೆ ಮುಂದೆ ನಮ್ಮೋರೇ ಆಗ್ಬೇಕು. ಲೋಟ ತೊಳೆಯೋದಾದ್ರೆ ನಾಳೆ ಬಾ," ಎಂದರು. ಅಲ್ಲಿಗೆ ಅದು ಮುಗಿಯಿತು.

ಎರಡನೆಯದು ಮಹಾದೇವಮ್ಮನ ಖಾನಾವಳಿ. ಆಕೆ ಗಂಡಸರನ್ನು ಗದರಿಸಿಯೇ ಉಣ್ಣಿಸುವ ಹೆಂಗಸು. ಜೋಳದ ರೊಟ್ಟಿ ಬಡಿಯಲು ಹೇಳಿದಳು, ಬಡಿದ. ಎಣ್ಣೆಗಾಯಿ ಮಾಡಲು ಹೇಳಿದಳು, ಮಾಡಿದ. ತಿಂದು ನೋಡಿ ಇನ್ನೊಂದು ರೊಟ್ಟಿಗೆ ಕೈ ಚಾಚಿದಳು. ಸದಾಶಿವಪ್ಪನ ಎದೆ ಹಗುರಾಯಿತು.

"ಕೈ ಚಲೋ ಐತ್ರಿ ನಿಮ್ದು. ಊರಾಗ ನಿಮಗ ಹೊಣೆ ಯಾರದಾರ?"

"ಹೊಣೆ ಅಂದ್ರೆ? ಈ ಊರಲ್ಲಿ ನಮ್ಮನ್ನ ಬಲ್ಲವರು ಯಾರೂ ಇಲ್ಲಮ್ಮ."

ಮಹಾದೇವಮ್ಮ ಕೈ ತೊಳೆದುಕೊಂಡಳು. "ಹಂಗಾದ್ರ ಆಗಂಗಿಲ್ಲ ಯಪ್ಪಾ. ಬ್ಯಾಸರ ಮಾಡ್ಕೋಬ್ಯಾಡ್ರಿ. ಯಾರ ಹೊಟ್ಟಿಗೆ ಯಾರು ಮದ್ದು ಹಾಕ್ತಾರೋ, ಕಂಡೋರ್ಯಾರು?"

ಆ ಕಡೆಯ ಜನಕ್ಕೆ ಇದೊಂದು ದೊಡ್ಡ ಭಯ. ಊಟದಲ್ಲಿ ಕೈಮದ್ದು ಬೆರೆಸಿ ಇಡುವವರಿದ್ದಾರೆ, ತಿಂದವನು ಕರಗಿ ಕರಗಿ ಸಾಯುತ್ತಾನೆ ಎಂದು ಎಲ್ಲರೂ ನಂಬಿದ್ದರು. ಮದ್ದು ಹಾಕುವವರು ಎಂಬ ಹೆಸರು ಒಂದು ಸಲ ಬಂತೆಂದರೆ ಮುಗಿಯಿತು, ಆ ಮನೆಯ ನೀರನ್ನೂ ಯಾರೂ ಮುಟ್ಟರು, ಹೊಸಿಲನ್ನೂ ತುಳಿಯರು. ಅದಕ್ಕೇ, ಊರಿನವರೊಬ್ಬರು ಮುಂದೆ ನಿಂತು 'ಇವನಿಗೆ ನಾನು ಹೊಣೆ' ಎನ್ನದೆ ಹೊಸಬನ ಕೈಗೆ ಸೌಟು ಕೊಡುವ ಪದ್ಧತಿಯೇ ಅಲ್ಲಿರಲಿಲ್ಲ.

ಮೂರನೆಯದು ಹುಚ್ಚರಾಯಪ್ಪನ ಹೋಟೆಲು. ಹುಚ್ಚರಾಯಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಎಲೆಯಡಿಕೆ ಹಾಕುತ್ತ ಕೂತಿದ್ದವನು, ಇವನನ್ನು ನಿಲ್ಲಿಸಿಕೊಂಡೇ ಕೇಳಿದ.

"ಊರಾಗ ಯಾರದಾರ ನಿಂಗೆ?"

ಇಲ್ಲೂ ಅದೇ ರಾಮಾಯಣ ಎಂದುಕೊಂಡು ಸದಾಶಿವಪ್ಪ, "ಯಾರೂ ಇಲ್ಲ ರೀ," ಎಂದ.

"ಸೊರಬದಿಂದ ಯಾರಾರ ಹುಡುಕ್ಕೊಂಡು ಬರೋರು?"

"ಅಣ್ಣ ಇದ್ದಾನೆ. ಪಾಲಾದ ಮೇಲೆ ಮಾತಿಲ್ಲ."

"ಆತು ಬಿಡು." ಹುಚ್ಚರಾಯಪ್ಪನ ಮುಖ ಅರಳಿತು. "ಅಡಿಗಿ ಮಾಡುವಾಗ ರುಚಿ ನೋಡ್ತೀಯೇನು?"

ಈ ಪ್ರಶ್ನೆಗೆ ಮಾತ್ರ ಸದಾಶಿವಪ್ಪ ನೆಟ್ಟಗೆ ನಿಂತ. "ಲಿಂಗಕ್ಕೆ ತೋರಿಸೋ ಮೊದಲು ಎಂಜಲು ಮಾಡೋ ಪೈಕಿ ಅಲ್ಲ ರೀ ನಾನು. ನಮ್ಮಪ್ಪನೂ ನೋಡಿದವನಲ್ಲ. ಕುದಿ ಬಂದಾಗ ಹಬೆ ಮೂಗಿಗೆ ಬಡೀತದಲ್ಲ, ಉಪ್ಪು ಹುಳಿ ಅದರಲ್ಲೇ ಗೊತ್ತಾಗ್ತದೆ."

"ಭೇಷ್. ನಂಗೂ ಅಂಥೋನೇ ಬೇಕಾಗಿತ್ತು. ಹಿತ್ತಲಾಗೊಂದು ರೂಮೈತಿ. ಹೆಂಡ್ತೀನ ಕರ್ಕೊಂಡು ಬಾ."

ಒಂದು ತುತ್ತೂ ಬೇಯಿಸದೆ ಅಡಿಗೆಯವನನ್ನು ಇಟ್ಟುಕೊಳ್ಳುವ ಹೋಟೆಲು ಎಲ್ಲಾದರೂ ಇದೆಯೇ? ಅದು ಆಗ ಅವನ ತಲೆಗೆ ಹೊಳೆಯಲಿಲ್ಲ. ಅವನು ಛತ್ರಕ್ಕೆ ಓಡಿದ, ಅಷ್ಟೇ. ಸಂಜೆಯೊಳಗೆ ನೀಲಾಂಬಿಕ ಆ ರೂಮು ಗುಡಿಸಿ, ಸಾರಿಸಿ, ಮೂಲೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ವರದಮ್ಮ ಬಂದು ಬಾಗಿಲು ಹಾಕಿ ತೆಗೆದು ನೋಡಿ, "ಇದು ಮನಿ ಅಂದ್ರ," ಎಂದು ಹೋದಳು. ಗಂಡಹೆಂಡತಿ ಅವತ್ತು ನಕ್ಕರು. ಬಹಳ ದಿನದ ಮೇಲೆ ನಕ್ಕರು.

ಮಾರನೆಯ ದಿನ ಅಡಿಗೆಮನೆಯ ದೊಡ್ಡ ತಪ್ಪಲೆಯ ಮುಚ್ಚಳ ತೆಗೆದು ಅವನು ಬಗ್ಗಿ ನೋಡಿದ. ಹಿತ್ತಾಳೆಯ ತಪ್ಪಲೆ, ಒಳಗೆ ತವರದ ಕಲಾಯಿಯ ಗುರುತೇ ಇಲ್ಲ. ಅಂಚಿನಿಂದ ತಳದವರೆಗೆ ಹಸಿರು ಕಿಲುಬು. ಎಲ್ಲ ಪಾತ್ರೆಗಳದೂ ಅದೇ ಪಾಡು. ಬೂದಿ ಹಾಕಿ ಉಜ್ಜಿದರೆ ಮೇಲಿನ ಹಸಿರು ಹೋಗುತ್ತದೆ ನಿಜ. ಆದರೆ ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಣಸೆಹುಳಿ ಬಿದ್ದು ಸ್ವಲ್ಪ ಹೊತ್ತು ನಿಂತರೆ ಸಾಕು, ಕಿಲುಬು ಮತ್ತೆ ಹುಟ್ಟುತ್ತದೆ, ಅದು ವಿಷ. ಇದು ಅಡಿಗೆಯವನಿಗಿರಲಿ, ಅಡಿಗೆಮನೆ ಕಂಡ ಯಾರಿಗೂ ಗೊತ್ತಿರುವ ಸಂಗತಿ.

ಬೀದಿ ತಿರುವಿನಲ್ಲಿ ತಿದಿ ಒತ್ತುತ್ತ ಕೂತಿದ್ದ ಕಲಾಯಿ ಗುಲಾಬ್ ಸಾಬ್‌ನನ್ನು ಅವನು ಕರೆದ. ಗುಲಾಬ್ ಸಾಬ್ ಏಳಲೇ ಇಲ್ಲ.

"ಆ ಹೋಟ್ಲಿಂದೇನ್ರೀ? ಬ್ಯಾಡ. ಹೋದಾಗೆಲ್ಲ 'ಮುಂದಿನ ತಿಂಗಳು' ಅಂತಾರ. ನಾ ಹೋಗೋದೇ ಬಿಟ್ಟೆ." ಆಚೀಚೆ ನೋಡಿ ದನಿ ತಗ್ಗಿಸಿದ. "ನೀವು ಹೊಸಾ ಅಡಿಗಿಯೋರಾ? ಎಲ್ಲಿಯೋರು?"

"ಸೊರಬ."

"ಹಿಂದಿನೋನು ಹಾನಗಲ್ ಕಡೆಯೋನು. ಅವನ ಹಿಂದಿನೋನು ಇನ್ನೆಲ್ಲಿಯೋನೋ. ಉಂಡೋರು ವಾಂತಿ ಮಾಡ್ಕೊಂಡು ಬಿದ್ರು. ಅಡಿಗಿಯೋನು ಮದ್ದು ಹಾಕ್ಯಾನ ಅಂತ ಮಾಲಕ್ರೇ ಮೊದಲು ಕೂಗಿದ್ರು. ಜನ ಹೊಡೆದು ಓಡಿಸಿದ್ರು. ಪರದೇಸಿ ಮನುಷ್ಯಾ, ಅವನ ಪರವಾಗಿ ಯಾರು ಮಾತಾಡ್ತಾರ? ಮಾಲಕರ ಮ್ಯಾಲ ಒಂದು ಮಾತೂ ಬರಲಿಲ್ಲ. ಹೋಟ್ಲು ನಡೀತಾನೇ ಐತಿ."

ಸದಾಶಿವಪ್ಪನಿಗೆ ಹುಚ್ಚರಾಯಪ್ಪನ ಪ್ರಶ್ನೆಗಳೆಲ್ಲ ಈಗ ಅರ್ಥವಾದವು. ಇವನ ಕೈಗುಣವನ್ನಲ್ಲ, ಇವನ ಹಿಂದೆ ಯಾರೂ ಇಲ್ಲ ಎಂಬುದನ್ನೇ ಅವನು ಪರೀಕ್ಷೆ ಮಾಡಿದ್ದ. ಈಗಿಂದೀಗ ಗಂಟುಮೂಟೆ ಕಟ್ಟಬೇಕು ಎಂದುಕೊಂಡು ಹಿತ್ತಲಿಗೆ ಹೋದ. ಅಲ್ಲಿ ನೀಲಾಂಬಿಕ ಬಾಗಿಲಿಗೆ ಒರಗಿ, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಅವಳನ್ನು ಎಬ್ಬಿಸಿ ಎಲ್ಲಿಗೆ ಕರೆದೊಯ್ಯುವುದು? ಏನೂ ಹೇಳದೆ ತಿರುಗಿ ಬಂದ.

ಹೇಗೋ ದಿನ ತಳ್ಳಿದ. ಹುಳಿ ಹಾಕುವ ಅಡಿಗೆಯನ್ನೆಲ್ಲ ಮಣ್ಣಿನ ಮಡಕೆಗಳಲ್ಲಿ ಮಾಡಿದ, ತಪ್ಪಲೆಯಲ್ಲಿ ಅನ್ನ ಮಾತ್ರ ಬೇಯಿಸಿದ. ಹುಚ್ಚರಾಯಪ್ಪ ನೋಡಿಯೂ ನೋಡದವನಂತಿದ್ದ. ಹೆರಿಗೆಯೊಂದು ಆಗಿಬಿಡಲಿ ಶಿವನೇ, ಆಮೇಲೆ ಈ ಊರಿನ ಕಡೆ ತಲೆಹಾಕಿ ಮಲಗುವುದಿಲ್ಲ ಎಂದು ಸದಾಶಿವಪ್ಪ ದಿನಾ ಬೇಡಿಕೊಳ್ಳುತ್ತಿದ್ದ.

ಅಷ್ಟರಲ್ಲಿ ದಾವಣಗೆರೆಯಿಂದ ಎರಡು ಬಸ್ಸು ಯಾತ್ರಿಕರು ಬರುತ್ತಾರೆ, ಉಡುತಡಿ ಬಳ್ಳಿಗಾವಿ ನೋಡಿಕೊಂಡು ಮಧ್ಯಾಹ್ನ ಇಲ್ಲಿ ಊಟ ಎಂದು ಗೊತ್ತಾಯಿತು. ಬದನೆಕಾಯಿ ಹುಳಿ ಆಗಲೇಬೇಕಂತೆ.

"ಅಷ್ಟು ಜನಕ್ಕೆ ಮಡಕೆ ಸಾಲಲ್ಲ ರೀ. ತಪ್ಪಲೆಗೆ ಕಲಾಯಿ ಹಾಕಿಸಿ. ಇಲ್ಲ ಅಂದ್ರೆ ಹುಳಿ ನನ್ನ ಕೈಲಾಗಲ್ಲ," ಎಂದ ಸದಾಶಿವಪ್ಪ.

ಹುಚ್ಚರಾಯಪ್ಪನಿಗೆ ಸಿಟ್ಟೇ ಬರಲಿಲ್ಲ. "ಆಗಂಗಿಲ್ಲಾ? ಆತು. ಈಗ ರೂಮು ಖಾಲಿ ಮಾಡು. ನಿನ್ನ ಹೆಂಡ್ತಿಗೆ ಬಸ್ ಸ್ಟ್ಯಾಂಡಿನ ಕಟ್ಟಿ ಐತಲ್ಲ, ಅಲ್ಲಿ ಹೆರಿಗೆ ಆಗ್ಲಿ," ಎಂದು ತಣ್ಣಗೆ ಹೇಳಿ ಎಲೆಗೆ ಸುಣ್ಣ ಹಚ್ಚತೊಡಗಿದ.

ಬಸ್ಸು ಬಂದ ತಕ್ಷಣ ಬಿಸಿಬಿಸಿ ಬಡಿಸಿದರೆ ಏನೂ ಆಗಲಿಕ್ಕಿಲ್ಲ. ಹೀಗೆ ತನಗೆ ತಾನೇ ಹೇಳಿಕೊಂಡ ಸದಾಶಿವಪ್ಪ. ತೋಳು ಸೋಲುವವರೆಗೆ ತಪ್ಪಲೆ ಉಜ್ಜಿದ, ಹುಳಿ ಇಳಿಸಿದ, ಕಾದ. ಬಸ್ಸುಗಳು ಬರಲಿಲ್ಲ. ಬಳ್ಳಿಗಾವಿಯಲ್ಲೇ ತಡವಾಯಿತಂತೆ. ಹೊತ್ತು ಏರಿ ಇಳಿಯತೊಡಗಿತು, ಹುಳಿ ತಪ್ಪಲೆಯಲ್ಲೇ ಇತ್ತು. ಮುಚ್ಚಳ ತೆಗೆದು ನೋಡಿದ, ಅಂಚಿನ ಬಣ್ಣ ತಿರುಗಿದಂತೆ ಕಂಡಿತು. ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದ್ದರೆ ಸಾಕಾಗಿತ್ತು. ಕೈ ಮುಂದೆ ಹೋಯಿತು, ಹಿಂದೆ ಬಂತು. ನಾನು ರುಚಿ ನೋಡುವವನಲ್ಲ ಎಂದುಕೊಂಡ. ಎಂಥಾ ಸುಳ್ಳಯ್ಯ ಅದು! ನೋಡಿದರೆ ಗೊತ್ತಾಗುತ್ತಿತ್ತು, ಗೊತ್ತಾದ ಮೇಲೆ ಸುಮ್ಮನಿರಲು ಆಗುತ್ತಿರಲಿಲ್ಲ. ಅಪ್ಪ ಕಲಿಸಿದ ಮಡಿ ಅವತ್ತು ಅವನಿಗೆ ಬಚ್ಚಿಟ್ಟುಕೊಳ್ಳುವ ಜಾಗವಾಯಿತು.

ಬಸ್ಸಿನ ಸದ್ದಾಯಿತು. ಜನ ಕೈಕಾಲು ತೊಳೆದು ಪಂಕ್ತಿಯಲ್ಲಿ ಕೂತರು. ಮೊದಲ ಪಂಕ್ತಿಗೆ ಹುಳಿ ಹೋಯಿತು. ಸದಾಶಿವಪ್ಪ ಅಲ್ಲಿ ನಿಲ್ಲಲಾರದೆ ಹಿತ್ತಲಿಗೆ ಬಂದ.

ರೂಮಿನಲ್ಲಿ ನೀಲಾಂಬಿಕಳ ಮುಂದೆ ಖಾಲಿ ಬಟ್ಟಲಿತ್ತು. ಅವಳು ಬೆರಳು ನೆಕ್ಕುತ್ತಿದ್ದಳು. ಮಾಲೀಕನ ಹೆಂಡತಿ ಶಕುಂತಲಮ್ಮ ಪಕ್ಕದಲ್ಲೇ ನಿಂತಿದ್ದಳು, ಪಾಪ, ಏನೂ ಅರಿಯದ ಹೆಂಗಸು.

"ತುಂಬಿದ ಬಸುರಿ ಮನ್ಯಾಗಿದ್ದಾಗ ಮೊದಲ ಸೌಟು ಆಕಿಗೇ ಅಲ್ಲೇನಪ್ಪಾ? ನಮ್ಮಲ್ಲಿ ಹಂಗೇ. ನೀ ಬಸ್ಸು ನೋಡಾಕ ಹೊರಗ ಹೋದಾಗ ತಪ್ಪಲಿಯಿಂದ ತಂದು ಕೊಟ್ಟೆ. ಎರಡು ಬಟ್ಲು ಉಂಡ್ಳು ನೋಡು, ನನ್ನ ಕಣ್ಣು ತಣ್ಣಗಾತು," ಎಂದಳು.

"ರೀ, ಸ್ವಲ್ಪ ಒಗರಾಗಿತ್ತು. ಆದ್ರೂ ಬಾಯಿಗೆ ಎಷ್ಟು ಹಿತ ಆಯ್ತು ಅಂತೀರಿ. ಇನ್ನೊಂಚೂರು ಸಿಗತ್ತಾ?" ಎಂದಳು ನೀಲಾಂಬಿಕ.

ಸದಾಶಿವಪ್ಪನಿಗೆ ಭೂಮಿ ಬಾಯಿಬಿಟ್ಟಂತಾಯಿತು. ಅವಳ ಗಂಟಲಿಗೆ ಬೆರಳು ಹಾಕಿದ, ಉಪ್ಪುನೀರು ಕುಡಿಸಿದ. ಅವಳು ಹೆದರಿ ಅಳುತ್ತ ವಾಂತಿ ಮಾಡಿದಳು. ಅವಳನ್ನು ಶಕುಂತಲಮ್ಮನ ಕೈಗೆ ಬಿಟ್ಟು ಅವನು ಪಂಕ್ತಿಗೆ ಓಡಿದ. ಯಾತ್ರಿಕರು ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದ್ದರು. ಯಾರೂ ಇನ್ನೂ ತುತ್ತು ಎತ್ತಿರಲಿಲ್ಲ.

"ಉಣ್ಣಬೇಡಿ! ಯಾರೂ ಮುಟ್ಟಬೇಡಿ! ಹುಳಿ ವಿಷ ಆಗಿದೆ!"

ಕಣ್ಣುಗಳು ತೆರೆದವು. ಹುಚ್ಚರಾಯಪ್ಪ ಗಲ್ಲಾದಿಂದ ಎದ್ದು ಬಂದ. ಅವನು ಗಾಬರಿಯಾಗಿರಲಿಲ್ಲ. ಇಂಥದಕ್ಕೆ ಅವನು ಎಂದೋ ತಯಾರಾಗಿದ್ದ.

"ಕೇಳಿದ್ರಾ? ಅವನ ಬಾಯಾಗೇ ಬಂತು! ಮದ್ದು ಹಾಕ್ಯಾನ. ಕೈ ನಡುಗಿ ಈಗ ಒಪ್ಕೊಂಡಾನ!"

"ಮದ್ದಲ್ಲ ರೀ, ಕಿಲುಬು! ತಪ್ಪಲೆ ನೋಡಿ, ಕಲಾಯಿ ಇಲ್ಲ!"

ಪಂಕ್ತಿಯಲ್ಲಿದ್ದವರೆಲ್ಲ ಒಮ್ಮೆಲೇ ಎದ್ದರು. ಯಾರೋ ಅವನ ಕೊರಳಪಟ್ಟಿ ಹಿಡಿದರು, ಯಾರೋ ಕೆನ್ನೆಗೆ ಬಾರಿಸಿದರು. ಅಷ್ಟರಲ್ಲಿ ಹುಚ್ಚರಾಯಪ್ಪ ಹುಳಿಯನ್ನೆಲ್ಲ ಚರಂಡಿಗೆ ಚೆಲ್ಲಿಸಿ, ಹುಣಸೆಹಣ್ಣು ಹಾಕಿ ತಪ್ಪಲೆ ಉಜ್ಜಿಸಿ, ಹೊರಗೆ ತಂದು ಕವುಚಿ ಇಡಿಸಿದ. ಬಿಸಿಲಿಗೆ ಅದು ಫಳಫಳ ಹೊಳೆಯುತ್ತಿತ್ತು. "ಇದರಾಗ ಏನೈತ್ರಿ ದೋಷ?" ಎಂದು ಬಂದವರಿಗೆಲ್ಲ ತೋರಿಸಿದ. ಬಗ್ಗಿ ಒಳಗೆ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಆಮೇಲೆ ಕೈಯೆತ್ತಿ ಜನರನ್ನು ತಡೆದ. "ಸಾಕು ಬಿಡ್ರಪ್ಪಾ, ಬಸುರಿ ಹೆಂಗಸು ಐತಿ. ಹೆರಿಗಿ ಮುಗದ ಮ್ಯಾಲ ಹೋಗ್ಲಿ." ಎಂಥ ದೊಡ್ಡ ಮನಸ್ಸು ಎಂದರು ಜನ.

ಹಿತ್ತಲಲ್ಲಿ ನೀಲಾಂಬಿಕಳ ಹೊಟ್ಟೆ ತಿರುಚುತ್ತಿತ್ತು. ಮೊದಲು ವಾಂತಿಯ ನೋವು, ಆಮೇಲೆ ಆ ನೋವೇ ಬೇರೆಯಾಯಿತು. ಶಕುಂತಲಮ್ಮನನ್ನು ಗಂಡ ಒಳಗೆ ಕರೆದುಕೊಂಡು ಹೋಗಿದ್ದ. ಆಸ್ಪತ್ರೆಗೆಂದು ಗಾಡಿ ಕೇಳಿದರೆ ಗಾಡಿಯವನು ಎತ್ತು ಬಿಚ್ಚಿಬಿಟ್ಟ. ಹರಿದ ಅಂಗಿಯಲ್ಲೇ ಸದಾಶಿವಪ್ಪ ವರದಮ್ಮನ ಮನೆಗೆ ಓಡಿದ. ಸುದ್ದಿ ಅವನಿಗಿಂತ ಮೊದಲು ಅಲ್ಲಿಗೆ ತಲುಪಿತ್ತು.

ವರದಮ್ಮ ಬಾಗಿಲಲ್ಲಿ ನಿಂತಿದ್ದಳು. ಅವನು ಅವಳ ಕಾಲಿಗೆ ಬಿದ್ದ.

"ಕೂಸು ಅಡ್ಡ ಐತಿ ಅಂತ ನೀವೇ ಹೇಳಿದ್ರಿ ಅಮ್ಮಾ. ನನ್ನನ್ನ ಏನು ಬೇಕಾದ್ರೂ ಮಾಡಿ, ಅವಳನ್ನ ಬದುಕಿಸಿಕೊಡಿ!"

ಅವಳ ಕಣ್ಣಲ್ಲೂ ನೀರಿತ್ತು. ಆದರೂ ಕಾಲು ಹಿಂದಕ್ಕೆ ಎಳೆದುಕೊಂಡಳು. "ನಾಳೆ ಈ ಊರಿನ ಬಸುರೇರೆಲ್ಲ ನನ್ನ ಕೈಯಾಗೇ ಅದಾರಪ್ಪಾ. ಮದ್ದಿನ ಮನಿ ಹೊಸಿಲು ತುಳಿದು ಬಂದ ಕೈಯಿಂದ ನಾ ಅವರನ್ನ ಹೆಂಗ ಮುಟ್ಲಿ? ನಿಂಗೆ ಹೊಣೆ ನಿಲ್ಲೋರು ಒಬ್ರಾದ್ರೂ ಇದ್ದಿದ್ರ ನಾ ಬರ್ತಿದ್ದೆ," ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಅವನು ಬಾಗಿಲು ಬಡಿದ, ಕೂಗಿದ. ಆ ಬೀದಿಯಲ್ಲಿ ಒಂದೊಂದಾಗಿ ಎಲ್ಲ ಬಾಗಿಲೂ ಮುಚ್ಚಿದವು.

ತಿರುಗಿ ಬಂದಾಗ ನೀಲಾಂಬಿಕ ಗೋಣಿಯ ಮೇಲೆ ಮಂಡಿಯೂರಿ ಗೋಡೆ ಹಿಡಿದುಕೊಂಡಿದ್ದಳು. ಮುಖ ಬಿಳುಚಿ ಬೆವರಿತ್ತು. ಅವನ ಹೆಜ್ಜೆ ಕೇಳಿ ತಲೆಯೆತ್ತಿ, ಅವನ ಬೆನ್ನ ಹಿಂದೆ ನೋಡಿದಳು.

"ಬಂದ್ಳಾ ರೀ ವರದಮ್ಮ?"

"ಬರ್ತಿದಾಳೆ ನೀಲಾ. ದಾರೀಲಿದಾಳೆ," ಎಂದ ಸದಾಶಿವಪ್ಪ. ಒಳಗಿನಿಂದ ಅಗಳಿ ಹಾಕಿ, ಒಲೆಯ ಮೇಲೆ ನೀರಿಟ್ಟ.